ವಾರಕ್ಕೊಂದು ಪದ ಸಾಕು

ಪ್ರೀತಿಯ ತಂಗಿ,

ಯಹೂದಿಗಳ ಧರ್ಮಗ್ರಂಥ ತೋರಾದ ವಾರದ ಪಾಠದ ಬಗ್ಗೆ ಬರೆದದ್ದೆಲ್ಲ ಉಪದೇಶದ ಹಾಗೆ ಕಾಣುತ್ತದೆ ಎಂದು ಬೇಸರಪಟ್ಟಿದ್ದೀಯ. ನೀನು ಕಳಿಸಿದ ಮೂರೂ ಬರಹಗಳಲ್ಲಿ ತೊಡಕು ಒಂದೇ. ಅರ್ಥ ಮೊದಲೇ ನಿನ್ನಲ್ಲಿ ಸಿದ್ಧವಾಗಿದೆ, ತೋರಾದ ವಚನವನ್ನು ಸಾಕ್ಷಿ ಹೇಳಲಷ್ಟೇ ಕರೆದಿದ್ದೀಯ. ಹಾಗೆ ಬಂದ ವಚನ ನಿನಗೆ ಗೊತ್ತಿಲ್ಲದ್ದನ್ನು ಹೇಳಲಾರದು.

ಮೊದಲು ಓದಿನ ಕ್ರಮ ಸರಿಮಾಡಿಕೋ. ತೋರಾದ ಐದು ಪುಸ್ತಕಗಳನ್ನು 54 ಪಾರಶಾಗಳಾಗಿ, ಅಂದರೆ ವಾರದ ಪಾಠಗಳಾಗಿ, ಹಂಚಿದ್ದಾರೆ. ಸಿಮ್ಖತ್ ತೋರಾ ಹಬ್ಬದಂದು ಕೊನೆಯದನ್ನು ಮುಗಿಸಿ, ಆಗಲೇ ಆದಿಕಾಂಡದ ಮೊದಲ ಸಾಲನ್ನು ಹಿಡಿಯುತ್ತಾರೆ. ಪ್ರತಿ ಪಾರಶಾದಲ್ಲಿ ಏಳು ಭಾಗ. ವಿಶ್ರಾಂತಿಯ ದಿನವಾದ ಶಬ್ಬಾತ್, ಅಂದರೆ ಶನಿವಾರ, ಬೆಳಿಗ್ಗೆ ಒಂದೊಂದನ್ನು ಓದಲು ಒಬ್ಬೊಬ್ಬರನ್ನು ಕರೆಯುತ್ತಾರೆ. ಈ ಏಳನ್ನೇ ವಾರದ ಏಳು ದಿನಕ್ಕೆ ಹಂಚಿಕೊಂಡು ಓದುವ ರೂಢಿಯೂ ಇದೆ. ಭಾನುವಾರ ಒಂದನೆಯದು, ಶನಿವಾರ ಏಳನೆಯದು. ಯಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನ ಬೆರಾಖೋತ್ ಭಾಗ ಹೇಳುವ ನಿಯಮ: ಮೂಲ ಎರಡು ಸಲ, ಅನುವಾದ ಒಂದು ಸಲ. ಹೀಬ್ರೂ ಬಾರದಿದ್ದರೆ ಕನ್ನಡ ಅನುವಾದವನ್ನು ಎರಡು ಸಲ ಓದು, ಪದಕ್ಕೆ ಪದ ಇಟ್ಟ ಇಂಗ್ಲಿಷ್ ಅನುವಾದವನ್ನು ಒಂದು ಸಲ. ಎರಡೂ ಹೊಂದದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕು. ನಿನ್ನ ಬರಹ ಹುಟ್ಟುವುದು ಅಲ್ಲೇ.

ಎರಡು ಸಣ್ಣ ಎಚ್ಚರಿಕೆ. ವಚನಸಂಖ್ಯೆ ಎಲ್ಲ ಕಡೆ ಒಂದೇ ಅಲ್ಲ: ವಯಿಶ್ಲಾಖ್ ಪಾರಶಾ ಹೀಬ್ರೂ ಲೆಕ್ಕದಲ್ಲಿ ಆದಿಕಾಂಡ 32:4ಕ್ಕೆ ಶುರುವಾದರೆ ಕನ್ನಡ ಬೈಬಲ್‌ನಲ್ಲಿ 32:3ಕ್ಕೆ. ಇನ್ನು ಪೆಸಾಖ್ ಹಬ್ಬದ ಎಂಟನೆಯ ದಿನ ಶಬ್ಬಾತ್‌ಗೆ ಬಿದ್ದ ವರ್ಷ, ಹೊರದೇಶದ ಯಹೂದಿಗಳು ಇಸ್ರೇಲಿನವರಿಗಿಂತ ಒಂದು ಪಾರಶಾ ಹಿಂದೆ ಉಳಿದು, ಕೆಲವು ವಾರಗಳ ಮೇಲೆ ಕೂಡಿಕೊಳ್ಳುತ್ತಾರೆ. ಯಾರಿಗಾಗಿ ಬರೆಯುತ್ತೀಯೋ ಅವರ ಪಂಚಾಂಗ ನೋಡಿಕೋ.

ಈಗ ಗುರುತು ಹಾಕಿದ ಕಡೆ ಏನು ಮಾಡಬೇಕು? ಆದಿಕಾಂಡ 12ರ ಮೊದಲ ಮಾತನ್ನೇ ತೆಗೆದುಕೋ. ದೇವರು ಅಬ್ರಾಮನಿಗೆ (ಮುಂದೆ ಅಬ್ರಹಾಮನಾದವನು) ‘ಲೇಖ್ ಲೆಖಾ’ ಎನ್ನುತ್ತಾನೆ. ‘ಹೋಗು’ ಎನ್ನಲು ‘ಲೇಖ್’ ಒಂದೇ ಸಾಕಿತ್ತು. ‘ಲೆಖಾ’ ಎಂದರೆ ‘ನಿನಗೆ’. ಬರೀ ‘ಹೊರಟುಹೋಗು’ ಎಂದು ಅನುವಾದಿಸಿದರೆ ಈ ‘ನಿನಗೆ’ ಕಳೆದೇಹೋಗುತ್ತದೆ. 11ನೆಯ ಶತಮಾನದ ವ್ಯಾಖ್ಯಾನಕಾರ ರಾಶಿ ಇದನ್ನು ‘ನಿನ್ನ ಹಿತಕ್ಕೆ, ನಿನ್ನ ಒಳಿತಿಗೆ’ ಎಂದು ಬಿಡಿಸಿದ. ಹಸಿದೀ ಎಂಬ ಯಹೂದಿ ಭಕ್ತಿಪಂಥದ ಗುರುಗಳು ‘ನಿನ್ನ ಕಡೆಗೇ ನಡೆ’ ಎಂದು ಓದಿದರು. ಆಮೇಲೆ ಬಿಡಬೇಕಾದದ್ದರ ಪಟ್ಟಿ ನೋಡು: ನಿನ್ನ ದೇಶ, ನೀನು ಹುಟ್ಟಿದ ನೆಲ, ನಿನ್ನ ತಂದೆಯ ಮನೆ. ಹೊರಡುವವನು ಮೊದಲು ಹೊಸಿಲು ದಾಟುತ್ತಾನೆ, ಆಮೇಲೆ ಊರು, ಕೊನೆಗೆ ದೇಶ. ಇಲ್ಲಿ ಅದು ತಿರುವುಮುರುವಾಗಿದೆ. ಕಾಲು ದಾಟುವ ಕ್ರಮ ಇದಲ್ಲ. ಮನಸ್ಸು ಬಿಡುವ ಕ್ರಮ, ಸುಲಭದ್ದರಿಂದ ಕಷ್ಟದ್ದಕ್ಕೆ.

ಇಲ್ಲಿಗೇ ನಿಲ್ಲಿಸಬೇಡ, ಒಂದು ಪುಟ ಹಿಂದಕ್ಕೆ ಹೋಗು. 11:31ರಲ್ಲಿ ತಂದೆ ತೆರಹನೇ ಮಗನನ್ನು ಕರೆದುಕೊಂಡು ಊರ್ ಪಟ್ಟಣ ಬಿಟ್ಟು ಕಾನಾನಿಗೆಂದು ಹೊರಟಿದ್ದ. ಖಾರಾನಿನಲ್ಲಿ ನೆಲೆನಿಂತುಬಿಟ್ಟ. ಅಂದರೆ ತಂದೆಯ ಮನೆ ಬಿಟ್ಟುಹೋದ ಮಗ ನಡೆದದ್ದು ತಂದೆ ಅರ್ಧಕ್ಕೆ ಬಿಟ್ಟ ದಾರಿಯನ್ನೇ! ನನ್ನ ಮನೆಯಲ್ಲಿ ಹೀಗೆ ಅರ್ಧಕ್ಕೆ ನಿಂತ ದಾರಿ ಯಾವುದು ಎಂಬ ಪ್ರಶ್ನೆ ಈಗ ತಾನಾಗಿ ಏಳುತ್ತದೆ. ‘ದೇವರ ಕರೆಗೆ ಓಗೊಡೋಣ’ ಎಂದು ಬರೆದಿದ್ದೆಯಲ್ಲ, ಅದಕ್ಕೆ ಅಬ್ರಾಮ ಬೇಕೇ ಇರಲಿಲ್ಲ. ಈ ಪ್ರಶ್ನೆಗೆ ಅವನಲ್ಲದೆ ಬೇರೆ ಯಾರೂ ಆಗರು.

ಪರಂಪರೆ ಅರ್ಥಕ್ಕೆ ನಾಲ್ಕು ಬಗೆ ಹೇಳುತ್ತದೆ: ಪೆಶಾತ್ ನೇರ ಅರ್ಥ, ರೆಮೆಜ್ ಸೂಚನೆ, ದೆರಾಶ್ ಹುಡುಕಿ ತೆಗೆದದ್ದು, ಸೋದ್ ಗುಟ್ಟು. ಹೊಸಬರು ಕೊನೆಯದಕ್ಕೇ ಹಾರುತ್ತಾರೆ. ವಚನ ತನ್ನ ನೇರ ಅರ್ಥವನ್ನು ಬಿಟ್ಟು ಹೊರಗೆ ಹೋಗದು ಎಂದು ತಾಲ್ಮುದ್ ಹೇಳುತ್ತದೆ. ನಿನ್ನ ಒಳ ಅರ್ಥ ಎಷ್ಟೇ ಚೆಂದವಿರಲಿ, ನೇರ ಅರ್ಥವನ್ನು ಸುಳ್ಳು ಮಾಡುವಂತಿದ್ದರೆ ಹೊಡೆದುಹಾಕು. ಕನ್ನಡ ಕಾಗುಣಿತದ ಮೇಲೆ ಅಕ್ಷರಗಳಿಗೆ ಸಂಖ್ಯೆ ಕೊಟ್ಟು ಅರ್ಥ ತೆಗೆಯುವ ಲೆಕ್ಕ ಮಾಡಲೇಬೇಡ. ಆ ಲೆಕ್ಕ ಹೀಬ್ರೂ ಅಕ್ಷರಗಳದ್ದು.

ಸಾಧ್ಯವಾದರೆ ಪಾರಾಯಣವನ್ನು ಕೇಳು. ಶಲ್ಶೆಲೆತ್ ಎಂಬ ಎಳೆದು ನಡುಗಿಸುವ ಸ್ವರಚಿಹ್ನೆ ಇಡೀ ತೋರಾದಲ್ಲಿ ಬರುವುದು ನಾಲ್ಕೇ ಕಡೆ. ಸೊದೋಮ್ ಪಟ್ಟಣ ಬಿಡಲಾರದೆ ಅಬ್ರಹಾಮನ ಸಹೋದರನ ಮಗ ಲೋಟನು ತಡಮಾಡುವಾಗ ಒಂದು (ಆದಿಕಾಂಡ 19:16), ಯೋಸೇಫ ಯಜಮಾನನ ಹೆಂಡತಿಗೆ ಒಲ್ಲೆನೆನ್ನುವಾಗ ಇನ್ನೊಂದು (39:8). ಅವನ ‘ಒಲ್ಲೆ’ ಅಷ್ಟು ಸಲೀಸಾಗಿ ಬರಲಿಲ್ಲವೇನೋ ಎಂಬ ಅನುಮಾನ ಹುಟ್ಟುವುದು ಆ ಸ್ವರದಿಂದ. ಅಚ್ಚಿನ ಅನುವಾದದಲ್ಲಿ ಅದು ಇರುವುದಿಲ್ಲ.

ತೋರಾದ ಮೂರನೆಯ ಪುಸ್ತಕ ಯಾಜಕಕಾಂಡ ಬಂದಾಗ ಕೈಬಿಡುವವರೇ ಹೆಚ್ಚು. ತಜ್ರಿಯಾ, ಮೆಟ್ಸೋರಾ ಪಾರಶಾಗಳ ‘ತ್ಸಾರಾತ್’ ಅನ್ನು ಕುಷ್ಠ ಎಂದು ಅನುವಾದಿಸುವುದುಂಟು. ಅದು ಬಟ್ಟೆಗೂ ಮನೆಯ ಗೋಡೆಗೂ ಬರುತ್ತದೆ, ಹಾಗಾಗಿ ಕುಷ್ಠ ಅಲ್ಲ. ಇಂಥ ಕಡೆ ರೂಪಕಕ್ಕೆ ಆತುರಪಡದೆ ಕ್ರಿಯಾಪದಗಳನ್ನು ನೋಡು. ಪಾಳೆಯದ ಆಚೆ ಒಂಟಿಯಾಗಿ ಕೂತವನ ಬಳಿಗೆ ಯಾಜಕನೇ ಹೊರಟುಹೋಗಬೇಕು (14:3). ಯಾರು ಯಾರ ಬಳಿಗೆ ಹೋದರು ಎಂಬುದರ ಮೇಲೆ ಒಂದಿಡೀ ಬರಹ ನಿಲ್ಲುತ್ತದೆ.

‘ಇದು ಗೀತೆಯಲ್ಲೂ ಇದೆ, ಶರಣರ ವಚನಗಳಲ್ಲೂ ಇದೆ’ ಎಂಬ ಮಾತನ್ನು ಒಂದು ವರ್ಷವಾದರೂ ತಡೆದಿಟ್ಟುಕೋ. ಆ ಹೋಲಿಕೆ ಬಂದ ಕೂಡಲೇ ಓದುಗರು ತಮಗೆ ಗೊತ್ತಿರುವಲ್ಲಿಗೆ ಮರಳಿ ನೆಮ್ಮದಿಯಾಗುತ್ತಾರೆ, ಪಾರಶಾ ಹಿಂದೆ ಉಳಿಯುತ್ತದೆ. ‘ಹಳೆಯ ಒಡಂಬಡಿಕೆ’ ಎಂದೂ ಬರೆಯಬೇಡ, ಅದು ಕ್ರೈಸ್ತರಿಟ್ಟ ಹೆಸರು. ದೇವರ ನಾಲ್ಕಕ್ಷರದ ಹೆಸರನ್ನು ಯಹೂದಿಗಳು ಉಚ್ಚರಿಸುವುದಿಲ್ಲ. ‘ಕರ್ತನು’ ಎಂದರೆ ಸಾಕು.

ಗುರುವಾರ ಬರೆ. ಒಂದೇ ಪ್ರಶ್ನೆ, 500 ಪದ. ಶಬ್ಬಾತ್‌ನಲ್ಲಿ ಬರೆಯುವುದಕ್ಕೆ ನಿಷೇಧವಿದೆ, ಆಚರಿಸುವವರು ಫೋನು, ಕಂಪ್ಯೂಟರನ್ನೂ ತೆರೆಯುವುದಿಲ್ಲ. ಆದ್ದರಿಂದ ಶುಕ್ರವಾರ ಹೊತ್ತು ಮುಳುಗುವುದಕ್ಕೆ ಸಾಕಷ್ಟು ಮೊದಲೇ ಓದುಗರಿಗೆ ತಲುಪಿಸು. ನೋಟುಪುಸ್ತಕದಲ್ಲಿ ಪಾರಶಾಕ್ಕೆ ಎರಡು ಪುಟ ಇಡು: ಎಡಗಡೆ ಈ ವರ್ಷದ ಪ್ರಶ್ನೆ, ಬಲಗಡೆ ಖಾಲಿ, ಬರುವ ವರ್ಷಕ್ಕೆ.

ಮುಂದಿನ ಪತ್ರಕ್ಕೆ ನೋಹನ ಪಾರಶಾ ಬರೆದು ಕಳಿಸು. 6:9 ಅವನನ್ನು ‘ತನ್ನ ಕಾಲದವರಲ್ಲಿ’ ನೀತಿವಂತ ಎನ್ನುತ್ತದೆ. ಅಂಥ ಕೆಟ್ಟ ಕಾಲದಲ್ಲೂ ಹೀಗಿದ್ದನಲ್ಲ ಎಂದು ಕೆಲವರು ಹೊಗಳುತ್ತಾರೆ. ಅಬ್ರಹಾಮನ ಕಾಲದಲ್ಲಿದ್ದಿದ್ದರೆ ಲೆಕ್ಕಕ್ಕೇ ಬರುತ್ತಿರಲಿಲ್ಲ ಎಂದು ಕೆಲವರು ಹಳಿಯುತ್ತಾರೆ. ರಾಶಿ ಎರಡನ್ನೂ ಪಕ್ಕಪಕ್ಕದಲ್ಲೇ ಇಟ್ಟಿದ್ದಾನೆ. ನೀನು ಯಾವ ಕಡೆಗೆ ವಾಲುತ್ತೀಯ, ಯಾಕೆ ಎಂದು ಬರೆ.

ನಿನ್ನ,
ಅಕ್ಕ