ಉಕುಲೆಲೆಗೆ ಕೋವಾ ಮರವೇ ಆಗಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ಹವಾಯಿ, ತಾಹಿತಿ, ಸಮೋವಾ ಮೊದಲಾದ ಪಾಲಿನೇಷ್ಯ ದ್ವೀಪಗಳ ಮಾದರಿಯ ವಾದ್ಯಗಳನ್ನೂ ಅಲಂಕಾರದ ವಸ್ತುಗಳನ್ನೂ ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆಂದು ವಿವರಿಸುವ ಬರಹವೊಂದು ಕೆಲವು ವಾರಗಳ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿತ್ತು. ಕೈಕೆಲಸದ ಬಗ್ಗೆ ಪುಟ ಮೀಸಲಿಟ್ಟದ್ದಕ್ಕೆ ಮೊದಲು ವಂದನೆಗಳು. ಆದರೆ ಅದರಲ್ಲಿದ್ದ ಮೂರು ಸಲಹೆಗಳು, ಎಂದರೆ ಉಕುಲೆಲೆ ಎಂಬ ಪುಟ್ಟ ಗಿಟಾರಿನಂಥ ತಂತಿವಾದ್ಯಕ್ಕೆ ಹವಾಯಿಯ ಕೋವಾ ಮರದ ಹಲಗೆಯನ್ನು ಅಂತರ್ಜಾಲದಲ್ಲಿ ತರಿಸಿಕೊಳ್ಳಬೇಕು, ನಕ್ಷೆಯನ್ನು ಇಳಿಸಿಕೊಂಡು ಮುದ್ರಿಸಿ ಹಾಗೆಯೇ ಕತ್ತರಿಸಬೇಕು, ಶಂಖವನ್ನು ಕಡಲತೀರದ ಅಂಗಡಿಯಲ್ಲಿ ಕೊಳ್ಳಬೇಕು ಎಂಬ ಮಾತುಗಳು, ಹೊಸಬರಿಗೆ ದುಡ್ಡಿನ ನಷ್ಟವನ್ನೂ ಒಂದು ವಿಷಯದಲ್ಲಿ ಕಾನೂನಿನ ತೊಡಕನ್ನೂ ತರಬಹುದಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನು ಕೈಗಾರಿಕಾ ತರಬೇತಿ ಕೇಂದ್ರವೊಂದರಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. ಮಗಳ ಸಂಸಾರ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿರುವುದರಿಂದ ಎರಡು ಸಲ ಅಲ್ಲಿ ತಿಂಗಳುಗಟ್ಟಲೆ ಇದ್ದು ಬಂದಿದ್ದೇನೆ. ಊರಿಗೆ ಮರಳಿದ ಮೇಲೆ ಇದುವರೆಗೆ ಏಳು ಉಕುಲೆಲೆಗಳನ್ನು ಮಾಡಿದ್ದೇನೆ, ಅವುಗಳಲ್ಲಿ ನುಡಿಸಲು ಯೋಗ್ಯವಾದವು ನಾಲ್ಕು.

ಮೊದಲು ಮರದ ವಿಚಾರ. ಉಕುಲೆಲೆ ಎಂದರೆ ಕೋವಾ, ಕೋವಾ ಎಂದರೆ ಹವಾಯಿ ಎಂಬ ನಂಬಿಕೆ ಹೇಗೆ ಹುಟ್ಟಿತೆಂಬುದನ್ನು ತಿಳಿದರೆ ಆ ಸಲಹೆಯ ಪೊಳ್ಳು ತಾನಾಗಿ ಗೊತ್ತಾಗುತ್ತದೆ. 1879ರ ಆಗಸ್ಟ್ 23ರಂದು ಮದೀರಾ ದ್ವೀಪದ ಪೋರ್ಚುಗೀಸ್ ಕೂಲಿಗಳನ್ನು ಹೊತ್ತ ರೇವನ್ಸ್‌ಕ್ರಾಗ್ ಎಂಬ ಹಡಗು ಹೊನೊಲುಲು ತಲುಪಿತು. ಅದರಲ್ಲಿ ಮಾನುವೆಲ್ ನೂನೆಸ್, ಅಗುಸ್ಟೊ ಡಿಯಾಸ್, ಜೋಸೆ ಡೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಬಡಗಿಗಳಿದ್ದರು. ಕಬ್ಬಿನ ತೋಟದ ದುಡಿಮೆಯ ಕರಾರು ಮುಗಿದ ಮೇಲೆ ಅವರು ತಮ್ಮ ಊರಿನ ಮಷೆತೆ ಎಂಬ ಪುಟ್ಟ ತಂತಿವಾದ್ಯವನ್ನು ಮಾಡತೊಡಗಿದರು. ಮದೀರಾದ ಮರಕ್ಕಾಗಿ ಅವರು ಕಾದು ಕೂರಲಿಲ್ಲ. ಸುತ್ತಮುತ್ತ ಬೆಳೆದಿದ್ದ ಕೋವಾವನ್ನೇ ಬಳಸಿದರು. ರಾಜ ಕಲಾಕೌವ ಅದನ್ನು ಆಸ್ಥಾನಕ್ಕೆ ಬರಮಾಡಿಕೊಂಡ, ವಾದ್ಯ ಹವಾಯಿಯದೇ ಆಗಿಹೋಯಿತು. ಹೀಗೆ ಹೊರಗಿನಿಂದ ಬಂದ ಆಕಾರಕ್ಕೆ ಸ್ಥಳದ ಮರ ಒದಗಿದ್ದರಿಂದಲೇ ಉಕುಲೆಲೆ ಹುಟ್ಟಿತು.

ಅದು ತಾಹಿತಿಗೂ ಕುಕ್ ದ್ವೀಪಗಳಿಗೂ ಹೋದಾಗ ಇನ್ನೊಮ್ಮೆ ಇದೇ ನಡೆಯಿತು. ಆಕ್ಲೆಂಡ್‌ನ ಓಟಾರದಲ್ಲಿ ಶನಿವಾರದ ಸಂತೆಯ ದಿನ ದ್ವೀಪದ ಅಜ್ಜನೊಬ್ಬನ ಕೈಯಲ್ಲಿ ಆ ಬಗೆಯ ಉಕುಲೆಲೆಯನ್ನು ನಾನು ಮೊದಲು ನೋಡಿದೆ. ಅದರಲ್ಲಿ ಬಗ್ಗಿಸಿದ ಪಕ್ಕದ ಪಟ್ಟಿ ಇಲ್ಲ, ಪೊಳ್ಳು ಪೆಟ್ಟಿಗೆಯೂ ಇಲ್ಲ. ಒಂದೇ ಮರದ ತುಂಡನ್ನು ಕಡೆದು, ನಡುವೆ ಆರಪಾರ ಬಟ್ಟಲಿನಂತೆ ತೂತು ಕೊರೆದು, ಮುಂದುಗಡೆ ಆ ತೂತಿನ ಮೇಲೆ ತೆಳ್ಳಗಿನ ಮರದ ಬಿಲ್ಲೆಯನ್ನು ಅಂಟಿಸಿರುತ್ತಾರೆ. ತಂತಿಗಳನ್ನು ಹೊರುವ ಕುದುರೆ ಕೂರುವುದು ಆ ಬಿಲ್ಲೆಯ ಮೇಲೆ, ನಾದ ಹೊರಬೀಳುವುದು ಹಿಂದಿನ ತೂತಿನಿಂದ. ತಂತಿಗಳು ಎಂಟು, ಎರಡೆರಡರ ನಾಲ್ಕು ಜೋಡಿ. ಆ ತಂತಿ ಏನೆಂದುಕೊಂಡಿರಿ? ಮೀನು ಹಿಡಿಯುವ ಗಾಳದ ನೈಲಾನ್ ದಾರ. ನಾನು ಗಂಗೊಳ್ಳಿ ಬಂದರಿನ ಬಳಿಯ ಅಂಗಡಿಯಲ್ಲಿ ಅದೇ ಬಗೆಯ ದಾರವನ್ನು ಬೇರೆ ಬೇರೆ ದಪ್ಪದಲ್ಲಿ ಕೊಂಡು ಕಟ್ಟಿ ನೋಡಿದ್ದೇನೆ. ಮೊದಲ ನಾಲ್ಕೈದು ದಿನ ಎಳೆದುಕೊಳ್ಳುತ್ತಾ ಶ್ರುತಿ ಇಳಿಯುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಅಂಗಡಿಯವರು ಮಾತ್ರ ಯಾವ ಮೀನಿಗೆಂದು ಮೂರು ಸಲ ಕೇಳಿದರು.

ಈ ದಾರಿಯಲ್ಲಿ ಯೋಚಿಸಿದರೆ ನಮ್ಮಲ್ಲಿ ಮರಕ್ಕೆ ಬರವಿಲ್ಲ. ಕೋವಾ ಎಂಬುದು ಅಕೇಶಿಯಾ ಕುಲದ ಮರ, ಹವಾಯಿ ದ್ವೀಪಗಳದೇ ಸ್ವಂತದ್ದು, ದುಬಾರಿಯೂ ಹೌದು. ಮಲೆನಾಡಿನಲ್ಲೂ ಕರಾವಳಿಯಲ್ಲೂ ನೆಡುತೋಪುಗಳಲ್ಲಿ ಬೆಳೆಸಿರುವ ನಮ್ಮ ಅಕೇಶಿಯಾ ಅದೇ ಕುಲಕ್ಕೆ ಸೇರಿದ್ದು. ಆ ತೋಪುಗಳು ಕಾಡಿಗೆ ಒಳ್ಳೆಯದು ಮಾಡಿದವೇ ಎಂಬುದು ಬೇರೆ ಜಗಳ, ಅದನ್ನು ಇಲ್ಲಿ ಎತ್ತುವುದಿಲ್ಲ. ಕಡಿದು ಬಿದ್ದ ಅಕೇಶಿಯಾದಲ್ಲಿ ಪಕ್ಕದ ಪಟ್ಟಿ, ಬೆನ್ನಿನ ಹಲಗೆ ಚೆನ್ನಾಗಿ ಬರುತ್ತವೆಂದು ಮಾತ್ರ ಹೇಳಬಲ್ಲೆ. ಮುಖದ ಹಲಗೆಗೆ ನಾನು ಹಲಸನ್ನು ಆರಿಸಿಕೊಂಡೆ. ಹವಾಯಿಯ ಹೂಲಾ ಕುಣಿತದ ಪಹು ಎಂಬ ನೆಟ್ಟನೆಯ ಮದ್ದಳೆಯನ್ನು ತೆಂಗಿನ ಕಾಂಡದಿಂದ ಅಥವಾ ಜೀಗುಜ್ಜೆ ಮರದಿಂದ ಕಡೆದು, ಶಾರ್ಕ್ ಮೀನಿನ ತೊಗಲು ಹೊದಿಸಿ, ತೆಂಗಿನ ನಾರಿನ ಹುರಿಯಿಂದ ಬಿಗಿಯುತ್ತಿದ್ದರು. ಜೀಗುಜ್ಜೆಯ ಒಡಹುಟ್ಟು ಹಲಸು. ಯಕ್ಷಗಾನದ ಮದ್ದಳೆಗೂ ಕಛೇರಿಯ ಮೃದಂಗಕ್ಕೂ ನಮ್ಮವರು ಆರಿಸಿಕೊಂಡದ್ದು ಅದನ್ನೇ. ಸಾವಿರಾರು ಮೈಲಿ ದೂರದ ಎರಡು ಜನ ಒಂದೇ ಕುಲದ ಮರವನ್ನು ತಟ್ಟಿ ನೋಡಿ ಒಪ್ಪಿಕೊಂಡಿದ್ದಾರೆಂದರೆ ಅದಕ್ಕಿಂತ ದೊಡ್ಡ ಶಿಫಾರಸು ನನಗೆ ಬೇಡ. ಹವಾಯಿಯವರು ಬಟ್ಟಲು, ತಟ್ಟೆ ಕಡೆಯುವ ಮಿಲೊ ನಮ್ಮ ಹೂವರಸಿ, ಕಮಾನಿ ನಮ್ಮ ಸುರಹೊನ್ನೆ. ಚಾಪೆ ಹೆಣೆಯುವ ಅವರ ಲೌಹಾಲ, ನಾವು ಮೂಡೆ ಕಟ್ಟುವ ಕೇದಗೆಯ ಬಳಗದ ಎಲೆಯೇ.

ಸೋರೆಬುರುಡೆಯ ಬಗ್ಗೆ ಒಂದು ಎಚ್ಚರಿಕೆ ಬೇಕು. ಇಪು ಹೆಕೆ ಎಂಬ ತಾಳವಾದ್ಯಕ್ಕೆ ಒಂದು ದೊಡ್ಡ, ಒಂದು ಚಿಕ್ಕ ಬುರುಡೆಯನ್ನು ಕತ್ತಿನ ಬಳಿ ಜೋಡಿಸುತ್ತಾರೆ. ಬೆರಳಿನಿಂದ ತಟ್ಟಿದರೆ ಒಂದು ದನಿ, ಚಾಪೆಯ ಮೇಲೆ ಕುಟ್ಟಿದರೆ ಇನ್ನೊಂದು. ಹುಳಿಗೆ ಬೆಳೆಸುವ ಸೋರೆಯ ಸಿಪ್ಪೆ ತೆಳುವಾಗಿರುವುದರಿಂದ ಅದು ಎರಡನೆಯ ಕುಟ್ಟಿಗೇ ಬಿರಿಯುತ್ತದೆ. ತಂಬೂರಿಗೆ ಬಳಸುವಂಥ ದಪ್ಪ ಸಿಪ್ಪೆಯ ಬುರುಡೆ ಬೇಕು, ಅದೂ ಬಳ್ಳಿಯಲ್ಲೇ ಬಲಿತು ಒಣಗಿದ್ದು. ಅಂಥದೊಂದನ್ನು ಆಕ್ಲೆಂಡ್‌ಗೆ ಒಯ್ದಿದ್ದೆ. ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ಪ್ರಾಮಾಣಿಕವಾಗಿ ಬರೆದುಕೊಟ್ಟಿದ್ದರಿಂದ ದಂಡ ಬೀಳಲಿಲ್ಲ; ಆದರೆ ತಪಾಸಣೆಯವರು ಅದನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಉಳಿದಿದ್ದ ಬೀಜಗಳು ಗಲಗಲ ಎಂದವು, ಬುರುಡೆ ಅಲ್ಲೇ ಉಳಿಯಿತು. ತಪ್ಪು ನನ್ನದೇ. ವಿದೇಶಕ್ಕೆ ಒಯ್ಯುವವರು ಬೀಜವನ್ನೂ ಒಳಗಿನ ತಿರುಳನ್ನೂ ಪೂರಾ ಕೆರೆದು ತೆಗೆದಿರಬೇಕು.

ಶಂಖದ ಸಲಹೆಯಂತೂ ತಿದ್ದಲೇಬೇಕಾದದ್ದು. ಪಾಲಿನೇಷ್ಯದ ಪೂ ಎಂಬ ಊದುಶಂಖಕ್ಕೆ ಬಳಸುವುದು ಹೆಚ್ಚಾಗಿ ಉದ್ದನೆಯ ಟ್ರೈಟನ್ ಚಿಪ್ಪನ್ನು, ಇಲ್ಲವೇ ಕೊಂಬುಳ್ಳ ಹೆಲ್ಮೆಟ್ ಚಿಪ್ಪನ್ನು. ಈ ಎರಡೂ ಜೀವಿಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂಗಡಿಯಲ್ಲಿ ಗಾಜಿನ ಹಿಂದೆ ಇಟ್ಟು ಮಾರುತ್ತಿದ್ದಾರೆಂಬ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಬೀಟೆಯ ಮಾತೂ ಸ್ವಲ್ಪ ಹೀಗೆಯೇ. ಬೆರಳು ಆಡಿಸುವ ಪಟ್ಟಿಗೆ ನಮ್ಮ ಬೀಟೆಯನ್ನು ಮೀರಿಸುವ ಮರವನ್ನು ನಾನು ಕಂಡಿಲ್ಲ, ಜಗತ್ತಿನ ಗಿಟಾರ್ ತಯಾರಕರೂ ಅದನ್ನು ಮೆಚ್ಚಿ ಬಳಸುತ್ತಾರೆ. ಆದರೆ 2017ರ ಜನವರಿಯಿಂದ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಿದೆ. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ ಬಿಡಿ ಹಲಗೆಗೆ ಆ ರಿಯಾಯಿತಿ ಇಲ್ಲ. ಆದ್ದರಿಂದ ರಸೀದಿ, ಪರವಾನಗಿ ಇರುವ ಕಡೆಯೇ ಕೊಳ್ಳುವುದು ಕ್ಷೇಮ. ಹಳೆಯ ಮನೆ ಕೆಡವಿದಾಗ ಸಿಗುವ ತುಂಡಿಗೂ ಕಾಗದ ಮಾಡಿಸಿಕೊಳ್ಳಬೇಕು.

ಇನ್ನು ಡಿಜಿಟಲ್ ಸಾಧನಗಳು. ನಾನು ಅವುಗಳ ವಿರೋಧಿಯಲ್ಲ, ದಿನವೂ ಬಳಸುತ್ತೇನೆ. ಅವು ಅಳೆಯುವ ಕೆಲಸಕ್ಕೆ ಬಹಳ ಒಳ್ಳೆಯವು, ಆರಿಸುವ ಕೆಲಸಕ್ಕೆ ಅಲ್ಲ ಎಂಬುದಷ್ಟೇ ನನ್ನ ವಾದ. ಮೊದಲನೆಯ ಉಕುಲೆಲೆಯಲ್ಲಿ ಆದ ಎಡವಟ್ಟನ್ನು ಹೇಳುತ್ತೇನೆ. ಟೆನರ್ ಎಂಬ ಗಾತ್ರದ್ದು, ಕತ್ತಿನ ತುದಿಯಲ್ಲಿ ತಂತಿ ಹಾಯುವ ಮೇರುವಿನಿಂದ ಕುದುರೆಗೆ 432 ಮಿಲಿಮೀಟರ್. ಈ ಉದ್ದವನ್ನು 17.817ರಿಂದ ಭಾಗಿಸಿದರೆ ಸ್ವರಕ್ಕಾಗಿ ಬೆರಳೊತ್ತುವ ಮೊದಲ ಮೆಟ್ಟಿಲಿನ ದೂರ, ಅಂದರೆ ಸುಮಾರು 24.25 ಮಿ.ಮೀ. ಬರುತ್ತದೆ, ಉಳಿದ ಉದ್ದವನ್ನು ಮತ್ತೆ ಹಾಗೆಯೇ ಭಾಗಿಸುತ್ತಾ ಹೋದರೆ ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ, 216ಕ್ಕೆ, ಬಂದು ನಿಲ್ಲಬೇಕು. ಇದನ್ನು ಕೈಯಲ್ಲಿ ಲೆಕ್ಕ ಹಾಕುವ ಬದಲು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ನಕ್ಷೆ ಬರೆದು, ಪೇಟೆಯ ಅಂಗಡಿಯೊಂದರಲ್ಲಿ ದೊಡ್ಡ ಹಾಳೆಯ ಮೇಲೆ ಮುದ್ರಣ ಮಾಡಿಸಿ, ಬೆರಳಾಡಿಸುವ ಪಟ್ಟಿಯ ಮೇಲೆ ಅಂಟಿಸಿ ಗರಗಸ ಆಡಿಸಿದೆ. ಮುದ್ರಿಸುವಾಗ ನಕ್ಷೆಯನ್ನು ಪುಟದ ಅಂಚಿಗೆ ಹೊಂದಿಸುವ ಆಯ್ಕೆ ತಾನಾಗಿ ಗುರುತಾಗಿ ಎಲ್ಲವೂ ನೂರಕ್ಕೆ ತೊಂಬತ್ತೇಳಾಗಿ ಕುಗ್ಗಿದ್ದು ನನ್ನ ಗಮನಕ್ಕೆ ಬರಲಿಲ್ಲ. ಕುದುರೆಯನ್ನು ಮಾತ್ರ ಉಕ್ಕಿನ ಸ್ಕೇಲಿನಿಂದ 432ಕ್ಕೇ ಕೂರಿಸಿದ್ದೆ. ಹನ್ನೆರಡನೆಯ ಮೆಟ್ಟಿಲು 209.5ರಲ್ಲಿ ನಿಂತಿತು. ಪರಿಣಾಮವಾಗಿ ಮೇಲಿನ ಷಡ್ಜ ಹೆಚ್ಚುಕಡಿಮೆ ಅರ್ಧ ಸ್ವರಸ್ಥಾನದಷ್ಟು ತಗ್ಗಿ, ಕೇಳಿದವರು ಮುಖ ಕಿವುಚುವಂತಾಯಿತು. ವೀಣೆಯಾಗಿದ್ದರೆ ಮೇಣ ಕರಗಿಸಿ ಮೆಟ್ಟಿಲನ್ನು ಸರಿಸಿ ಮತ್ತೆ ಮೇಳ ಕಟ್ಟಬಹುದಿತ್ತು. ನಮ್ಮ ವೀಣೆ ಮಾಡುವವರು ಕಿವಿಯಿಂದಲೇ ಮೇಳ ಕಟ್ಟುವುದು ಎಷ್ಟು ಜಾಣತನದ ಏರ್ಪಾಡೆಂದು ನನಗೆ ಅರ್ಥವಾದದ್ದು ಅಂದು. ಉಕುಲೆಲೆಯ ಮೆಟ್ಟಿಲು ಗರಗಸದ ಸೀಳಿನಲ್ಲಿ ಹೂತಿರುತ್ತದೆ, ಸರಿಯದು. ಆ ಪಟ್ಟಿ ಈಗ ನಮ್ಮ ಮನೆಯ ಕಿಟಕಿಗೆ ಅಡ್ಡಕೋಲಾಗಿದೆ.

ಫೋನಿನ ಶ್ರುತಿ ಆ್ಯಪ್ ಒಳ್ಳೆಯದೇ. ಸಾಮಾನ್ಯ ಕಟ್ಟಿನಲ್ಲಿ ನಾಲ್ಕು ತಂತಿಗಳು 392, 261.6, 329.6, 440 ಹರ್ಟ್ಸ್‌ಗೆ ನಿಲ್ಲಬೇಕು. ನಾಲ್ಕನೆಯ ತಂತಿ, ಅಂದರೆ ಇಲ್ಲಿ ಮೊದಲು ಹೇಳಿದ 392ರದು, ಅದರ ಪಕ್ಕದ ಮೂರನೆಯದಕ್ಕಿಂತ ಎತ್ತರದ ಶ್ರುತಿಯಲ್ಲಿರುವುದು ತಪ್ಪಲ್ಲ, ಅದೇ ಆ ವಾದ್ಯದ ಗುಣ. ಆದರೆ ಹಂಚಿನ ಮಾಡಿನ ಮೇಲೆ ಮಳೆ ಬೀಳುವಾಗ ಆ್ಯಪ್ ತಬ್ಬಿಬ್ಬಾಗುತ್ತದೆ. ಮುಖದ ಹಲಗೆಯನ್ನು ಕೀಸುಳಿಯಿಂದ ತೆಳುಮಾಡುತ್ತಾ ಬೆರಳ ಗೆಣ್ಣಿನಿಂದ ತಟ್ಟಿ, ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಧ್ವನಿ ಮುದ್ರಿಸಿಕೊಂಡು ನೋಡಿದರೆ ನಾದ ಹೇಗೆ ಬದಲಾಗುತ್ತಿದೆ ಎಂಬುದು ಗೆರೆಯಲ್ಲಿ ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಗೆರೆ ಹೇಳುವುದಿಲ್ಲ. ಎರಡು ಮಿಲಿಮೀಟರ್ ಆಸುಪಾಸಿನಲ್ಲಿ ಹಲಗೆ ಬೆರಳಿಗೆ ಬೇರೆಯಾಗಿ ತಗಲತೊಡಗುತ್ತದೆ.

ನನ್ನ ಕೇಳಿದರೆ, ಹೊಸಬರು ಕೊಳ್ಳಬೇಕಾದ ಮೊದಲ ಸಾಧನ ಮರವನ್ನು ಸುಟ್ಟು ಕೊರೆಯುವ ಲೇಸರ್ ಯಂತ್ರವಲ್ಲ, ಗಾಳಿಯ ತೇವ ತೋರಿಸುವ ಪುಟ್ಟ ಮಾಪಕ. ವಾದ್ಯ ಜೋಡಿಸುವ ಕೋಣೆಯಲ್ಲಿ ತೇವ ಶೇಕಡಾ 45ರಿಂದ 50ರಷ್ಟಿರಬೇಕೆಂಬುದು ಬಲ್ಲವರ ಕ್ರಮ. ನಾನು ಮೂರನೆಯ ವಾದ್ಯವನ್ನು ಆಷಾಢದ ಮಳೆಯಲ್ಲಿ, ಗೋಡೆಯೇ ಬೆವರುತ್ತಿದ್ದ ದಿನಗಳಲ್ಲಿ ಅಂಟಿಸಿ, ಮಾರ್ಚ್‌ನಲ್ಲಿ ಬೆಂಗಳೂರಿನ ತಮ್ಮನ ಮಗನಿಗೆ ಕೊಟ್ಟೆ. ಉಬ್ಬಿದ್ದ ಹಲಗೆ ಅಲ್ಲಿಯ ಒಣಹವೆಗೆ ಕುಗ್ಗಿ, ಕುದುರೆಯ ಕೆಳಗಿನಿಂದ ಬುಡದವರೆಗೆ ಕೂದಲೆಳೆಯ ಬಿರುಕು ಬಿಟ್ಟಿತು. ಆ ಹುಡುಗ ದೂರವಾಣಿಯಲ್ಲಿ, ‘ದೊಡ್ಡಪ್ಪ, ರಾತ್ರಿ ಟಪ್ ಅಂತ ಸದ್ದಾಯ್ತು, ಹಲ್ಲಿ ಬಿತ್ತು ಅಂದ್ಕೊಂಡೆ’ ಎಂದ. ಒಂದು ಅಂಗುಲ ದಪ್ಪದ ಹಲಗೆಗೆ ಒಂದು ವರ್ಷ ನೆರಳಿನ ಒಣಗು ಎಂಬ ಹಳೆಯ ಲೆಕ್ಕವನ್ನು ಈಗ ಮೀರುವುದಿಲ್ಲ, ಜೋಡಣೆಯನ್ನು ಮಾಗಿಯ ತಿಂಗಳುಗಳಿಗೆ ಇಟ್ಟುಕೊಳ್ಳುತ್ತೇನೆ.

ಲೇಸರ್ ಯಂತ್ರದ ಬಗ್ಗೆ ಇನ್ನೊಂದು ಆಕ್ಷೇಪವಿದೆ. ಸಮೋವಾದ ಸಿಯಾಪೊ ನಾರುಬಟ್ಟೆಯ ವಿನ್ಯಾಸಗಳೂ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಮೈಹಚ್ಚೆಯ ಸುರುಳಿಗಳೂ ಉಚಿತ ಕಡತಗಳಾಗಿ ಸಿಗುತ್ತವೆ, ಅವನ್ನು ವಾದ್ಯದ ಮೇಲೆ ಸುಟ್ಟು ಬರೆಯಿಸಿರೆಂದು ನಿಮ್ಮ ಬರಹ ಹೇಳಿತ್ತು. ಮಾವೊರಿಗಳಲ್ಲಿ ಮುಖದ ಹಚ್ಚೆ ಒಬ್ಬ ವ್ಯಕ್ತಿಯ ವಂಶವನ್ನು ಹೇಳುವಂಥದ್ದು. ತಮ್ಮ ಜ್ಞಾನ ಮತ್ತು ಕಲೆಯ ಹಕ್ಕಿಗಾಗಿ ಅವರು 1991ರಲ್ಲಿ ಹೂಡಿದ ವೈ 262 ಎಂಬ ದಾವೆಯ ವರದಿ ಬಂದದ್ದು 2011ರಲ್ಲಿ. ಇಪ್ಪತ್ತು ವರ್ಷ ಜನ ಹೋರಾಡಿದ ವಸ್ತುವನ್ನು ಗೊತ್ತಿಲ್ಲದೆ ಅಂಗಡಿಯ ಮಾಲಿನ ಮೇಲೆ ಒತ್ತುವುದು ನನಗೆ ಸರಿಕಾಣುವುದಿಲ್ಲ. ಹವಾಯಿಯವರು ಬಿದಿರಿನ ಸೀಳಿನಲ್ಲಿ ಗೆರೆ ಕೊರೆದು ಅಚ್ಚೊತ್ತುವ ವಿಧಾನವನ್ನು ಕಲಿತು, ಅದರಿಂದ ನಮ್ಮದೇ ಹಸೆಯ ಎಳೆಗಳನ್ನು ಒತ್ತಬಹುದಲ್ಲ. ನನ್ನ ಹೆಂಡತಿ ಹಾಗೆ ಮಾಡಿದ್ದಾಳೆ, ಬಣ್ಣಕ್ಕೆ ಅರಿಶಿನ ಬಳಸಿದ್ದಾಳೆ. ಹವಾಯಿಯಲ್ಲೂ ನಾರುಬಟ್ಟೆಯ ಹಳದಿಗೆ ಅರಿಶಿನವೇ ಒದಗುತ್ತಿತ್ತು. ಮಾರುವಾಗ ‘ಹವಾಯಿಯ ಉಕುಲೆಲೆ’ ಎನ್ನದೆ ‘ಹವಾಯಿ ಮಾದರಿಯದು, ಕುಂದಾಪುರದಲ್ಲಿ ಮಾಡಿದ್ದು’ ಎಂದು ಚೀಟಿ ಅಂಟಿಸುವುದು ನಮ್ಮ ಕ್ರಮ.

ಕೊನೆಗೊಂದು ವಿನಂತಿ. ಮುಂದಿನ ಕಂತಿನಲ್ಲಿ ಪೂರ್ಣ ಅಳತೆಯ ನಕ್ಷೆಯನ್ನು ಕೊಡುವುದಾಗಿ ಪ್ರಕಟಿಸಿದ್ದೀರಿ. ದಯವಿಟ್ಟು ನಕ್ಷೆಯ ಪಕ್ಕದಲ್ಲಿ 100 ಮಿಲಿಮೀಟರ್ ಎಂದು ಬರೆದ ಒಂದು ನೇರ ಗೆರೆಯನ್ನು ಅಡ್ಡಕ್ಕೂ ಇನ್ನೊಂದನ್ನು ಉದ್ದಕ್ಕೂ ಹಾಕಿಸಿ, ಗರಗಸ ಹಿಡಿಯುವ ಮೊದಲು ಆ ಎರಡನ್ನೂ ಉಕ್ಕಿನ ಸ್ಕೇಲಿನಿಂದ ಅಳೆದು ನೋಡಬೇಕೆಂದು ಓದುಗರಿಗೆ ತಿಳಿಸಿ. ಪತ್ರಿಕೆಯ ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿದರೆ ಉಪಕಾರವಾಗುತ್ತದೆ. ಶಂಖದ ಬಗೆಗಿನ ತಿದ್ದುಪಡಿಯನ್ನು ಮಾತ್ರ ಆ ಕಂತಿನವರೆಗೆ ಕಾಯದೆ ಈ ವಾರವೇ ಪ್ರಕಟಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮರಗೆಲಸ ಬೋಧಕ,
ಕುಂದಾಪುರ ತಾಲ್ಲೂಕು