ಮಗಳಿಗೊಂದು ಪತ್ರ: ಮೊದಲು ಹುಡುಗರ ಎತ್ತರ ಅಳೆ

ಯಾದಗಿರಿ

ಮಗಳಿಗೆ ಅವ್ವನ ಆಶೀರ್ವಾದ.

ಮೇ ಸೂಟ್ಯಾಗ ಹೈದರಾಬಾದಿನ ವಂಡರ್‌ಲಾ ಅನ್ನೋ ಆಟದ ಪಾರ್ಕಿಗೆ ಹೋಗಬೇಕಂತ ಹುಡುಗರು ಹಟ ಹಿಡಿದಾರ ಅಂದಿ. ಹೋಗಬ್ಯಾಡ ಅನ್ನೂದಿಲ್ಲ. ಆದ್ರ ಈ ವರ್ಷ ಬ್ಯಾಡ, ಮೇ ತಿಂಗಳಂತೂ ಬ್ಯಾಡೇ ಬ್ಯಾಡ.

ಹುಡುಗರನ್ನ ಗೋಡೆಗೆ ನಿಲ್ಲಿಸಿ ಟೇಪು ಹಿಡಿ. ಅಲ್ಲಿ ವಯಸ್ಸಲ್ಲ, ಎತ್ತರ ನೋಡ್ತಾರ. 85 ಸೆಂ.ಮೀ. ಒಳಗಿನ ಕೂಸಿಗೆ ಟಿಕೆಟ್ ಇಲ್ಲ, 140ರ ತನಕ ಮಕ್ಕಳ ಟಿಕೆಟ್, ಮುಂದ ದೊಡ್ಡವರ ದರ. ರೋಲರ್ ಕೋಸ್ಟರಿನಂಥ ಜೋರಿನ ಆಟಕ್ಕ 140 ಬೇಕೇ ಬೇಕು. ಇದು ಸಿಬ್ಬಂದಿಯ ಹಟ ಅಲ್ಲ. ಭುಜದ ಮ್ಯಾಲಿಂದ ಇಳಿಯೋ ಕಂಬಿ ದೊಡ್ಡವರ ಮೈಯಳತಿಗೆ ಮಾಡಿದ್ದು. ಗಿಡ್ಡ ಕೂಸಿನ ಭುಜಕ್ಕೂ ಕಂಬಿಗೂ ನಡುವ ಸಂದು ಉಳೀತದ, ತಲೆಕೆಳಗಾದಾಗ ಮೈ ಜಾರ್ತದ. ನಿನ್ನ ದೊಡ್ಡಾಕಿ ಇನ್ನೂ 130ರ ಆಸುಪಾಸು, ಸಣ್ಣವ 110 ದಾಟಿಲ್ಲ. ಅವರನ್ನ ಹಿಡ್ಕೊಂಡು ನೀನೊಮ್ಮೆ, ಅಳಿಯಂದಿರೊಮ್ಮೆ ಹೊರಗ ನಿಂದ್ರಬೇಕಾಗ್ತದ. ನಾಲ್ವರ ರೊಕ್ಕ ಕೊಟ್ಟು ಆಡೂದು ಒಬ್ಬರು.

ಪಾಳಿ ಲೆಕ್ಕ ಕೇಳು. ಒಂದು ಸರ್ತಿಗೆ 24 ಮಂದಿ ಕೂಡ್ತಾರ, ಇಳಿಸಿ ಹತ್ತಿಸಿ ಬೆಲ್ಟ್ ನೋಡಿ ಮತ್ತ ಬಿಡಲಿಕ್ಕೆ 5 ನಿಮಿಷ ಅಂತ ಹಿಡಿ. ತಾಸಿಗೆ 288 ಮಂದಿ ಆದ್ರು. ನಿನ್ನ ಮುಂದ 430 ಮಂದಿ ಇದ್ರ ಎರಡು ನಿಮಿಷದ ಆಟಕ್ಕ ಒಂದೂವರಿ ತಾಸು ನಿಂತಂಗಾಯ್ತು, ಅದೂ ಮೇ ಬಿಸಲಾಗ. ಹಿಂಗಿದ್ರ ದಿನಕ್ಕ ನಾಕೈದು ಆಟ ಸಿಕ್ಕರ ಹೆಚ್ಚು. ಹೆಚ್ಚಿನ ರೊಕ್ಕದ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಪಾಳಿ ತಪ್ಪಸ್ತದ, ಎತ್ತರ ಕೊಡೂದಿಲ್ಲ.

ದೊಡ್ಡಾಕಿ 140 ಮುಟ್ಟಿದ ವರ್ಷ ಹೋಗ್ರಿ. ಆಗೂ ನಮ್ಮ ಸೂಟಿ ನೋಡಬ್ಯಾಡ, ತೆಲಂಗಾಣದ್ದು ನೋಡು. ಅಲ್ಲಿ ಸಾಲಿ ತೆರಿಯೂದು ಜೂನ್ ಎರಡನೇ ವಾರದ ಹೊತ್ತಿಗೆ, ಬತುಕಮ್ಮ-ದಸರಾಕ್ಕ ಸೂಟಿ ಉದ್ದ. ನವೆಂಬರ್ ಆದ ಮ್ಯಾಲೆ ಸಾಲಿ ಟ್ರಿಪ್ಪಿನ ಬಸ್ಸು ಬರ್ತಾವ. ಜುಲೈ ಅಥವಾ ಆಗಸ್ಟಿನ ಒಂದು ಮಂಗಳವಾರ ಒಳ್ಳೇದು, ಸಾಲಿ ಒಂದಿನ ತಪ್ಪಿದ್ರೂ ಚಿಂತಿಲ್ಲ. ಗುಡುಗು-ಮಿಂಚು ಬಂದ್ರ ಎತ್ತರದ ಆಟ ನಿಲ್ಲಸ್ತಾರ, ಅದಕ್ಕ ಅವನ್ನ ಮೊದಲು ಮುಗಿಸಿ ಆಮ್ಯಾಲೆ ನೀರಿಗೆ ಇಳೀರಿ. ಹಿಂದಿನ ರಾತ್ರಿ ಶಂಶಾಬಾದ್ ಕಡೆ ಉಳೀರಿ. ಹುಮನಾಬಾದ್, ಜಹೀರಾಬಾದ್ ಹಾದು ಪಟಾನ್‌ಚೆರು ಹತ್ರ ಹೊರವರ್ತುಲ ರಸ್ತೆ ಹಿಡಿದ್ರ ಪಟ್ಟಣದ ಗದ್ದಲ ತಪ್ತದ, ಇಳಿಯೂದು 13ನೇ ಎಕ್ಸಿಟ್, ರಾವಿರ್ಯಾಲ.

ನೀರಿನ ಆಟಕ್ಕ ಹತ್ತಿ ಬಟ್ಟಿ ನಡಿಯೂದಿಲ್ಲ. ನೀರು ಕುಡಿದು ಭಾರ ಆಗ್ತದ, ಎಳಿ ಬಿಟ್ಟು ಫಿಲ್ಟರಿಗೆ ಸಿಗ್ತದ. ನೈಲಾನ್ ಬಟ್ಟಿ ನಿಮ್ಮ ಕಲಬುರಗಿ ಸೂಪರ್ ಮಾರ್ಕೆಟ್‌ನ್ಯಾಗ ತಗೋ, ಲೋಹದ ಜಿಪ್ ಇರಬಾರದು. ಬುತ್ತಿ ಒಳಗ ಬಿಡೂದಿಲ್ಲ, ರೊಟ್ಟಿ-ಹಿಂಡಿ ಹೊರಗೇ ತಿಂದು ಹೋಗ್ರಿ.

ಈ ಸೂಟಿಗೆ ಬೀದರ್ ಸಾಕು. 2017ರಾಗ ಹುಮನಾಬಾದ್ ಮ್ಯಾಲಿನ ರೈಲು ಹಾದಿ ಪೂರ್ತಿ ಆದಾಗಿಂದ ಕಲಬುರಗಿಯಿಂದ ಬರೇ 110 ಕಿ.ಮೀ. ಹೊತ್ತೇರೂದ್ರೊಳಗ ಕೋಟೆ ನೋಡ್ರಿ. ಆಮ್ಯಾಲೆ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾ. ಅಲ್ಲಿ ಉಳಿದಿದ್ದು ಒಂದೇ ಮಿನಾರು. 1696ರಾಗ ಮದ್ದು ಸಿಡಿದು ಮುಂದಿನ ಒಂದು ಪಾಲು ಕುಸಿದು ಬಿತ್ತು. ಗ್ವಾಡಿಗೆ ಅಂಟಿದ ನೀಲಿ ಬಿಲ್ಲೆಗಳನ್ನ ಹುಡುಗರು ಹತ್ರ ಹೋಗಿ ನೋಡಲಿ, ಎಲ್ಲಿ ಉದುರ್ಯಾವ, ಎಲ್ಲಿ ಉಳದಾವ ಅಂತ ಅವರೇ ಹುಡುಕಲಿ. ಅದಕ್ಕ ಪಾಳಿ ಇಲ್ಲ, ಎತ್ತರದ ಕಟ್ಟೂ ಇಲ್ಲ.

ಬೀದರಿನ ಝರಣಿ ನರಸಿಂಹನ ಗುಡಿ ಇರೋದು ನೀರು ತುಂಬಿದ ಗುಹೆಯೊಳಗ, ಅಲ್ಲಿಗೆ ಹೋಗೋ ಮನಸಿದ್ರ ಮಾತ್ರ ಹುಷಾರು. ನೀರು ದೊಡ್ಡವರಿಗೆ ಎದಿಮಟ ಬರ್ತದ, ಸಣ್ಣವನನ್ನ ಅಳಿಯಂದಿರು ಹೆಗಲ ಮ್ಯಾಲೆ ಕೂಡಿಸ್ಕೊಬೇಕು. ಮಂದಿ ಹೆಚ್ಚಾದ್ರ ಒಳಗ ಉಸಿರು ಕಟ್ಟಿದಂಗ ಆಗ್ತದ, ದಮ್ಮಿನ ಬ್ಯಾನಿ ಇದ್ದವರು ಇಳಿಯಬಾರದು. ಶನಿವಾರ, ಐತವಾರ ಬಿಟ್ಟು ಮುಂಜಾನೆ ಮೊದಲ ಪಾಳ್ಯಾಗ ಹೋಗ್ರಿ. ನಾಲ್ವರಿಗೂ ಒಂದೊಂದು ಜತಿ ಒಣ ಬಟ್ಟಿ, ಫೋನ್ ಹಾಕಲಿಕ್ಕೆ ಗಟ್ಟಿ ಪ್ಲಾಸ್ಟಿಕ್ ಚೀಲ ಇಟ್ಕೋ.

ನಿನ್ನ ಅವ್ವ