ಇನ್ನೂರು ಮಕ್ಕಳಲ್ಲ, ನಾಲ್ಕು ಶಾಲೆ

ಮಾನ್ಯರೇ,

ಸರ್ಕಾರಿ, ಖಾಸಗಿ ಶಾಲೆಗಳನ್ನು ಹೋಲಿಸುವ ಎಂ.ಎಡ್. ಪ್ರಬಂಧಗಳಲ್ಲಿ ಒಂದೇ ತಪ್ಪು ಮರುಕಳಿಸುತ್ತಿದೆ. ದಾವಣಗೆರೆ ನಗರದ ಎರಡು ಖಾಸಗಿ ಶಾಲೆ, ಜಗಳೂರು ಕಡೆಯ ಎರಡು ಸರ್ಕಾರಿ ಶಾಲೆ ಆಯ್ದು, ತಲಾ 50 ಮಕ್ಕಳಿಂದ ಪ್ರಶ್ನಾವಳಿ ತುಂಬಿಸಿ ಟಿ-ಪರೀಕ್ಷೆ (ಎರಡು ಗುಂಪುಗಳ ಸರಾಸರಿ ಹೋಲಿಸುವ ಸಂಖ್ಯಾಶಾಸ್ತ್ರದ ಲೆಕ್ಕ) ಮಾಡಿದರೆ ಅದು 200 ಸ್ವತಂತ್ರ ಉತ್ತರಗಳಾಗುವುದಿಲ್ಲ. ಒಂದೇ ತರಗತಿಯವರಿಗೆ ಮೇಷ್ಟ್ರು ಒಬ್ಬರೇ, ಉತ್ತರಗಳೂ ಒಂದನ್ನೊಂದು ಹೋಲುತ್ತವೆ. ಕಂಡ ಅಂತರ ಶಾಲೆಯದೋ, ನಗರ-ಹಳ್ಳಿಯದೋ, ಹೆತ್ತವರ ಓದಿನದೋ ಹೇಳಲಾಗದು. ಶಾಲೆಗಳನ್ನು 20ಕ್ಕೆ ಏರಿಸಿ, ಪ್ರತಿಯೊಂದರಿಂದ 10 ಮಕ್ಕಳನ್ನು ಚೀಟಿ ಎತ್ತಿ ಆರಿಸಲಿ.

ಕನ್ನಡಿಸಿದ ಪ್ರಶ್ನಾವಳಿಯನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಂದು ಮೂಲದೊಂದಿಗೆ ತಾಳೆ ನೋಡಬೇಕು. ‘ಒತ್ತಡ’ ಎಂದರೆ ಉಪನ್ಯಾಸಕರಿಗೆ ಒಂದು, ಎಂಟನೇ ತರಗತಿಯವರಿಗೆ ಇನ್ನೊಂದು. ಮೇಷ್ಟ್ರು ಎದುರೇ ನಿಂತು ತುಂಬಿಸಿದ ಹಾಳೆಗಳಲ್ಲಂತೂ ಬಹುಪಾಲು ‘ಸಂಪೂರ್ಣ ಒಪ್ಪುತ್ತೇನೆ’ಯೇ!

– ಸಂಶೋಧನಾ ವಿಧಾನ ಬೋಧಕರು, ದಾವಣಗೆರೆ